ಅಮ್ಮನ ಮೆದುಳಿನ ಗಡ್ಡೆ: ಆಪರೇಷನ್‌ಗೆ ಇಂಗ್ಲೆಂಡಿಗೆ ಕರೆದುಕೊಂಡು ಹೋಗುವುದಾ, ಇಲ್ಲೇ ಮಾಡಿಸುವುದಾ?

ಪೆರ್ಲದವಳು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಮ್ಮನಿಗೆ 48 ವರ್ಷ. ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ಮಾತು ತೊದಲಿತು, ಬಲಗೈ ಸೆಳೆಯಿತು, ಫಿಟ್ಸ್ ಬಂತು. ಮಂಗಳೂರಿನಲ್ಲಿ ಎಂಆರ್‌ಐ ಆಯ್ತು. ಮೆದುಳಿನ ಎಡಭಾಗದಲ್ಲಿ ಗಡ್ಡೆ ಉಂಟು. ‘ಲೋ ಗ್ರೇಡ್ ಗ್ಲಯೋಮಾ ಇರಬಹುದು’ ಅಂತ ರಿಪೋರ್ಟ್, ಅಂದರೆ ನಿಧಾನವಾಗಿ ಬೆಳೆಯುವ ಥರದ್ದು. ಮಾತಿನ ಜಾಗಕ್ಕೆ ತುಂಬ ಹತ್ತಿರ ಇದೆಯಂತೆ. ಎಚ್ಚರ ಇರುವಾಗಲೇ ಆಪರೇಷನ್ ಮಾಡಬೇಕಾಗಬಹುದು ಅಂದರು ಡಾಕ್ಟರು. ಅದನ್ನು ಕೇಳಿ ಮನೆಯಲ್ಲಿ ಎಲ್ಲರೂ ಕಂಗಾಲು.

ಅಕ್ಕ ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಅಮ್ಮನನ್ನು ಇಲ್ಲಿಗೇ ಕಳಿಸಿ ಅಂತ ದಿನಾ ಫೋನ್ ಮಾಡುತ್ತಾಳೆ. ತೋಟದ ಒಂದು ಭಾಗ ಮಾರಿದರೂ ಸರಿ ಅನ್ನುತ್ತಾರೆ ಅಪ್ಪ. ಅಮ್ಮನಿಗೆ ಬರುವುದು ಕನ್ನಡ, ತುಳು. ಮಲಯಾಳ ಅರ್ಥ ಆಗುತ್ತದೆ, ಉತ್ತರ ಕೊಡುವಷ್ಟು ಬರುವುದಿಲ್ಲ. ಇಂಗ್ಲಿಷ್ ಇಲ್ಲ. ಹೊರದೇಶಕ್ಕೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉಪ್ಪಳ ಲೋಕಲ್
ಮೊದಲು ತೋಟ ಮಾರುವುದನ್ನು ನಿಲ್ಲಿಸಿ ಮಾರಾಯ್ರೇ. ಆತುರದಲ್ಲಿ ಮಾರಿದರೆ ಅರ್ಧ ರೇಟು ಸಿಗುತ್ತದೆ. ಲೋ ಗ್ರೇಡ್ ಅಂದಿದ್ದಾರಲ್ಲ, ನಾಲ್ಕು ಕಡೆ ಕೇಳುವಷ್ಟು ಸಮಯ ಇರುತ್ತದೆ.

ಕುಂಬಳೆ ಟು ಲೀಡ್ಸ್
ನಿಮ್ಮ ಅಕ್ಕನ ಸಂಕಟ ಅರ್ಥ ಆಗುತ್ತದೆ, ನಾನೂ ಇಲ್ಲಿ ಇಂಗ್ಲೆಂಡಿನಲ್ಲೇ ಇರುವವನು. ಆದರೆ ಕೆಲವು ವಿಷಯ ನೇರವಾಗಿ ಹೇಳಬೇಕು.

ಮಗಳು ಇಲ್ಲಿ ಕೆಲಸ ಮಾಡುತ್ತಾಳೆ, ಟ್ಯಾಕ್ಸ್ ಕಟ್ಟುತ್ತಾಳೆ ಅಂತ ಅಮ್ಮನಿಗೆ ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಪರೇಷನ್ ಫ್ರೀ ಆಗುವುದಿಲ್ಲ. ವಿಸಿಟರ್ ಆಗಿ ಬಂದವರಿಗೆ ಎನ್‌ಎಚ್‌ಎಸ್ ಹಾಕುವುದು ಮಾಮೂಲಿ ದರದ 150 ಶೇಕಡಾ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ ಬರೋಣ ಅಂದರೆ ಅದೂ ಆಗುವುದಿಲ್ಲ. ಮೊದಲೇ ಗೊತ್ತಿರುವ ಕಾಯಿಲೆಯ ಚಿಕಿತ್ಸೆಗೆ ಆ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಗಡ್ಡೆ ವಿಷಯ ಮುಚ್ಚಿಟ್ಟು ಸುಮ್ನೆ ಟೂರಿಸ್ಟ್ ಥರ ಬನ್ನಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆಮೇಲೆ ವೀಸಾಕ್ಕೇ ತೊಂದರೆ.

ಸರಿಯಾದ ದಾರಿ ಅಂದರೆ ಖಾಸಗಿ ಚಿಕಿತ್ಸೆಗೆ ಅಂತಲೇ ವಿಸಿಟರ್ ವೀಸಾ. ಅದನ್ನು 11 ತಿಂಗಳವರೆಗೂ ಕೊಡುತ್ತಾರೆ. ಕಾಯಿಲೆ ಏನು, ಖರ್ಚು ಎಷ್ಟು, ಎಷ್ಟು ಸಮಯ ಬೇಕು, ಎಲ್ಲಿ ಚಿಕಿತ್ಸೆ ಅಂತ ಡಾಕ್ಟರ ಪತ್ರ ಬೇಕು. ಅಷ್ಟು ದುಡ್ಡು ಇದೆ ಅಂತ ತೋರಿಸಬೇಕು. 6 ತಿಂಗಳಿಗಿಂತ ಜಾಸ್ತಿ ಕೇಳಿದರೆ ಭಾರತದಿಂದ ಬರುವವರಿಗೆ ಟಿಬಿ ಟೆಸ್ಟ್ ಕೂಡ.

ಬದಿಯಡ್ಕ ಸಿಸ್ಟರ್
ನಾನು ನರ್ಸ್, ನ್ಯೂರೋ ವಾರ್ಡಿನಲ್ಲಿ ಕೆಲಸ ಮಾಡಿದವಳು. ‘ಬ್ರೇನ್ ಟ್ಯೂಮರ್’ ಅಂದ ಕೂಡಲೇ ಎಲ್ಲರೂ ಒಂದೇ ಕಾಯಿಲೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೆನಿಂಜಿಯೋಮಾ ಮೆದುಳಿನ ಹೊದಿಕೆಯಿಂದ ಬರುವ ಗಡ್ಡೆ. ಹೆಚ್ಚಿನವು ಗ್ರೇಡ್ 1. ಪೂರ್ತಿ ತೆಗೆದರೆ ಹಲವರು ಆರಾಮಾಗಿ ಇರುತ್ತಾರೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ, ತಲೆಬುರುಡೆ ತೆರೆಯುವ ಕೆಲಸವೇ ಇಲ್ಲ. ಇವೆರಡಕ್ಕೂ ವಿಮಾನ ಹತ್ತುವ ಅಗತ್ಯ ನನಗಂತೂ ಕಾಣುವುದಿಲ್ಲ.

ಗ್ಲಯೋಮಾ ಬೇರೆ. ಅದು ಮೆದುಳಿನ ಒಳಗೇ ಹರಡಿಕೊಂಡು ಬೆಳೆಯುತ್ತದೆ. ಗ್ರೇಡ್ 4 ಆದ ಗ್ಲಯೋಬ್ಲಾಸ್ಟೋಮಾಕ್ಕೆ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ 6 ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕಿಮೋ ಮಾತ್ರೆ. ಈ ಕ್ರಮ 2005ರಿಂದ ಜಗತ್ತಿನಲ್ಲೆಲ್ಲ ನಡೆಯುತ್ತಿದೆ. ಲಂಡನ್ ಆದರೂ ಇದೇ, ಮಂಗಳೂರು ಆದರೂ ಇದೇ. ಮಾತ್ರೆ ಭಾರತದಲ್ಲೇ ತಯಾರಾಗುತ್ತದೆ.

ಅಮ್ಮನದು ನಿಜಕ್ಕೂ ಲೋ ಗ್ರೇಡಾ ಅಂತ ಎಂಆರ್‌ಐ ನೋಡಿ ಖಚಿತ ಹೇಳಲು ಆಗುವುದಿಲ್ಲ. ತೆಗೆದ ತುಂಡು ಪೆಥಾಲಜಿಗೆ ಹೋಗಬೇಕು. 2021ರ ಡಬ್ಲ್ಯುಎಚ್‌ಒ ವರ್ಗೀಕರಣದ ನಂತರ ಮೈಕ್ರೋಸ್ಕೋಪ್ ಒಂದೇ ಸಾಲದು. ಗಡ್ಡೆಯ ಐಡಿಎಚ್ ಜೀನ್‌ನಲ್ಲಿ ಮ್ಯುಟೇಷನ್ (ಬದಲಾವಣೆ) ಉಂಟಾ, 1ಪಿ/19ಕ್ಯೂ ಅನ್ನುವ ಕ್ರೋಮೋಸೋಮ್ ಭಾಗಗಳು ಹೋಗಿವೆಯಾ ಅಂತಲೂ ನೋಡಬೇಕು. ಮುಂದಿನ ಚಿಕಿತ್ಸೆ ಅದರ ಮೇಲೆ ನಿಲ್ಲುತ್ತದೆ. ಯಾವ ದೇಶ ಅಂತ ಯೋಚಿಸುವ ಮೊದಲು ಆಸ್ಪತ್ರೆಯಲ್ಲಿ ಈ ಟೆಸ್ಟ್ ಆಗುತ್ತದಾ ಅಂತ ಕೇಳಿ.

ಅಡಿಕೆ ಬೆಲೆ ಎಷ್ಟು
ಪೆರ್ಲ ಅಂದರೆ ಎಣ್ಮಕಜೆ ಪಂಚಾಯತ್ ಅಲ್ವಾ? ಇದು ಎಂಡೋಸಲ್ಫಾನ್ ಕೀಟನಾಶಕದಿಂದಲೇ ಬಂದದ್ದು. ಯಾರೂ ಬಾಯಿ ಬಿಡುವುದಿಲ್ಲ.

ಬದಿಯಡ್ಕ ಸಿಸ್ಟರ್
ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ್ದು ನಿಜ. ಅದು 2000ದವರೆಗೂ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. ಆ ಸಂಕಟ ನಮ್ಮ ಮನೆಗಳಲ್ಲೇ ಇದೆ. ಆದರೆ ಒಬ್ಬರ ತಲೆಯ ಗಡ್ಡೆ ಇದರಿಂದಲೇ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು. ಮೆದುಳಿನ ಗಡ್ಡೆಗೆ ಗಟ್ಟಿಯಾಗಿ ಗೊತ್ತಿರುವ ಕಾರಣಗಳು ತಲೆಗೆ ಬಿದ್ದ ವಿಕಿರಣ ಮತ್ತು ವಂಶದಲ್ಲಿ ಬರುವ ಕೆಲವು ಅಪರೂಪದ ತೊಂದರೆಗಳು, ಅಷ್ಟೇ. ಈ ಹುಡುಗಿಗೆ ಈಗ ಬೇಕಾದ್ದು ಬೇರೆ ಉತ್ತರ.

ತಲಪಾಡಿ ಟೋಲ್
ನನ್ನದೊಂದು ಪ್ರಶ್ನೆ. ವಿದೇಶ ಯಾಕೆ? ನಮಗೆ ಮಂಗಳೂರೇ ವಿದೇಶ ಆಗಿತ್ತಲ್ಲ 2020ರಲ್ಲಿ! ಮಾರ್ಚ್‌ನಲ್ಲಿ ಕೋವಿಡ್ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್ ಕೂಡ ಬಿಡಲಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲ ಆಗಬೇಕಾಯಿತು.

ಅಡಿಕೆ ಬೆಲೆ ಎಷ್ಟು
ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಅದು ಸರಿಯಾಗಿದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ತಲಪಾಡಿ ಟೋಲ್
ಮೆಡಿಕಲ್ ಕಾಲೇಜು ಇದ್ದರೂ ಎಚ್ಚರದ ಆಪರೇಷನ್ ಅಲ್ಲಿ ಆಗುತ್ತಿತ್ತಾ? ಅದಕ್ಕೆ ದೊಡ್ಡ ಸೆಂಟರೇ ಬೇಕು. ಸುಮ್ನೆ ರಾಜಕೀಯ.

ನಿರ್ವಾಹಕ
ಗಡಿ ವಿಷಯಕ್ಕೆ ಬೇರೆ ಚರ್ಚೆ ಉಂಟು, ಅಲ್ಲಿಗೆ ಹೋಗಿ ಜಗಳ ಮಾಡಿ. ಇಲ್ಲಿ ಬೇಡ.

ನೀಲೇಶ್ವರ ಭಾವ
ವಿದೇಶಕ್ಕೆ ಹೋಗಿ ಬಂದವರು ಬೇಕು ಅಂದಿರಲ್ಲ. ನಾವು ಹೋಗಿದ್ದೇವೆ, ಒಳ್ಳೆಯದೂ ಆಗಿದೆ. ಆದರೆ ಆಪರೇಷನ್‌ಗೆ ಅಲ್ಲ. ಅಣ್ಣನಿಗೆ ತಲೆಬುರುಡೆಯ ಬುಡದಲ್ಲಿ ಕಾರ್ಡೋಮಾ ಅನ್ನುವ ಅಪರೂಪದ ಗಡ್ಡೆ. ಆಪರೇಷನ್ ಇಲ್ಲೇ ಆಯ್ತು. ಮೆದುಳಿನ ಕಾಂಡದ ಪಕ್ಕದಲ್ಲಿ ಸ್ವಲ್ಪ ಉಳಿಯಿತು. ಅದಕ್ಕೆ ಹೆಚ್ಚು ಡೋಸ್ ಕೊಡಬೇಕು, ಪಕ್ಕದ ಭಾಗಕ್ಕೆ ತಾಗಬಾರದು, ಹಾಗಾಗಿ ಪ್ರೋಟಾನ್ ಅನ್ನುವ ಥರದ ರೇಡಿಯೇಷನ್ ಒಳ್ಳೆಯದು ಅಂದರು. ಆಗ ಭಾರತದಲ್ಲಿ ಪ್ರೋಟಾನ್ ಇರಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋದೆವು. ಅಲ್ಲಿ ಪ್ರೋಟಾನ್, ಕಾರ್ಬನ್ ಅಯಾನ್ ಎರಡೂ ಉಂಟು.

ಚಿಕಿತ್ಸೆ ನೋವಿಲ್ಲದ್ದು. ಕಷ್ಟ ಆದದ್ದು ಉಳಿದ ಸಮಯ. ದಿನಕ್ಕೆ ಅರ್ಧ ಗಂಟೆ ಆಸ್ಪತ್ರೆ, ಆಮೇಲೆ ಇಡೀ ದಿನ ಬಾಡಿಗೆ ಕೋಣೆ, ಹೊರಗೆ ಚಳಿ. ಕುಚ್ಚಲಕ್ಕಿ ಗಂಜಿ ಇಲ್ಲದೆ ಅಣ್ಣ ಊಟವನ್ನೇ ಬಿಟ್ಟ. ಅತ್ತಿಗೆ ಒಬ್ಬಳೇ ಜೊತೆಗಿದ್ದಳು. ಅವಳಿಗೆ ಜ್ವರ ಬಂದಾಗ ಇಬ್ಬರನ್ನೂ ನೋಡುವವರು ಯಾರೂ ಇರಲಿಲ್ಲ.

ಈಗ ಅದೇ ಕಾಯಿಲೆ ಬಂದರೆ ನಾವು ಹೋಗುವುದಿಲ್ಲ. 2019ರಲ್ಲಿ ಚೆನ್ನೈನ ಅಪೋಲೋದಲ್ಲಿ ಪ್ರೋಟಾನ್ ಶುರು ಆಯ್ತು. ಟಾಟಾ ಮೆಮೋರಿಯಲ್‌ನವರದ್ದು ನವಿ ಮುಂಬೈನ ಖಾರ್‌ಘರ್‌ನಲ್ಲೂ ಬಂದಿದೆ. ಇಲ್ಲಿ ಇಲ್ಲದ್ದು ಅಲ್ಲಿ ಏನು ಸಿಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬರೆಯಲು ಏನಾದರೂ ಇದ್ದರೆ ಮಾತ್ರ ಹೋಗಿ.

ದೋಹಾದ ಮಂಜೇಶ್ವರ
ನಮ್ಮ ಸಂಬಂಧಿಕರ ಕಥೆ ಉಲ್ಟಾ. ಏಜೆಂಟ್ ಮೂಲಕ ಒಂದು ದೇಶದ ಖಾಸಗಿ ಆಸ್ಪತ್ರೆಗೆ ಹೋದರು. ‘ಪ್ಯಾಕೇಜ್’ ಅಂದಿದ್ದ. ಐಸಿಯುನಲ್ಲಿ ಹೆಚ್ಚಾದ ದಿನಗಳು ಪ್ಯಾಕೇಜಿನ ಹೊರಗೆ. ಪೆಥಾಲಜಿ ಬೇರೆ ಬಿಲ್. ರಿಪೋರ್ಟ್ ಬರುವ ಮೊದಲೇ ವೀಸಾ ಮುಗಿಯುತ್ತಾ ಬಂತು, ವಾಪಸ್ ಬಂದರು. ಇಲ್ಲಿನ ಕ್ಯಾನ್ಸರ್ ಡಾಕ್ಟರು ಮೊದಲು ಕೇಳಿದ್ದೇ ಬ್ಲಾಕ್ ಎಲ್ಲಿ ಅಂತ. ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರಲ್ಲ, ಅದು. ಅದು ಅಲ್ಲೇ ಉಳಿದಿತ್ತು. ತರಿಸುವಷ್ಟರಲ್ಲಿ ಸಾಕುಬೇಕಾಯಿತು.

ಎಲ್ಲಿ ಮಾಡಿಸಿದರೂ ಬ್ಲಾಕ್, ಸ್ಲೈಡ್, ಆಪರೇಷನ್ ನೋಟ್ಸ್, ಎಂಆರ್‌ಐ ಸಿಡಿ ಕೈಯಲ್ಲಿ ಹಿಡಿದೇ ಹೊರಡಿ. ಏಜೆಂಟನಿಗೆ ಆಸ್ಪತ್ರೆಯಿಂದ ಕಮಿಷನ್ ಸಿಗುತ್ತದೆ. ನಿಮ್ಮ ಪರವಾಗಿ ಅವನು ಆಸ್ಪತ್ರೆಯನ್ನು ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು ವಿಷಯ. ನಾನಿರುವ ಕಡೆಯಿಂದ ನೋಡಿದರೆ ಗಲ್ಫ್‌ನವರೇ ತಲೆ ಆಪರೇಷನ್‌ಗೆ ಭಾರತಕ್ಕೆ ಹೋಗುತ್ತಾರೆ. ಹೊರದೇಶದ ರೋಗಿಗಳಿಗೆ ಅಂತಲೇ ಭಾರತ ಇ-ಮೆಡಿಕಲ್ ವೀಸಾ ಕೊಡುತ್ತದೆ, ಜೊತೆಗೆ ಬರುವವರಿಗೂ ಬೇರೆ ವೀಸಾ. ನಾವು ಮಾತ್ರ ಹೊರಗೆ ಓಡುವ ಯೋಚನೆ ಮಾಡುತ್ತೇವೆ.

ಪೆರ್ಲದವಳು
ಎಲ್ಲರಿಗೂ ಧನ್ಯವಾದ. ಓದಿ ಸ್ವಲ್ಪ ಧೈರ್ಯ ಬಂತು. ಅಕ್ಕನಿಗೂ ತೋರಿಸಿದೆ. ಅವಳು ಹೇಳುವುದು ಒಂದೇ: ‘ಮಾತು ಹೋದರೆ ಏನು ಮಾಡುತ್ತೀರಿ? ಇಲ್ಲಿ ಒಳ್ಳೆಯ ಮೆಷಿನ್ ಉಂಟು.’ ಅದಕ್ಕೆ ಏನು ಉತ್ತರ ಕೊಡಲಿ?

ಮಾತು ಕಲಿಸುವವಳು
ಈ ಪ್ರಶ್ನೆಗೇ ಕಾಯುತ್ತಿದ್ದೆ. ನಾನು ಸ್ಪೀಚ್ ಥೆರಪಿಸ್ಟ್. ಊರು ಮುಳ್ಳೇರಿಯ, ಕೆಲಸ ಕರ್ನಾಟಕದಲ್ಲಿ. ಎಚ್ಚರದ ಆಪರೇಷನ್‌ಗೆ ರೋಗಿಗಳನ್ನು ತಯಾರು ಮಾಡುವುದು ನನ್ನ ಕೆಲಸದ ಒಂದು ಭಾಗ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಭಯ ಬಿಡಿ. ಪೂರ್ತಿ ಹೊತ್ತು ಎಚ್ಚರ ಇರಿಸುವುದಿಲ್ಲ. ಹೆಚ್ಚಾಗಿ ತಲೆ ತೆರೆಯುವಾಗ ನಿದ್ದೆಯಲ್ಲಿರುತ್ತಾರೆ. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಇರುತ್ತದೆ. ಮೆದುಳಿಗೆ ನೋವು ಗೊತ್ತಾಗುವ ನರಗಳೇ ಇಲ್ಲ. ಗಡ್ಡೆ ಕಂಡ ಮೇಲೆ ಎಬ್ಬಿಸುತ್ತಾರೆ. ಆಮೇಲೆ ಸರ್ಜನ್ ಮೆದುಳಿನ ಒಂದೊಂದು ಜಾಗಕ್ಕೆ ಸಣ್ಣ ವಿದ್ಯುತ್ ತಾಗಿಸುತ್ತಾರೆ. ಅದೇ ಹೊತ್ತಿಗೆ ನಮ್ಮಂಥವರು ರೋಗಿಯ ಎದುರು ಕೂತು ಚಿತ್ರ ತೋರಿಸುತ್ತೇವೆ. ‘ಇದು ಏನು?’ ತಾಗಿಸಿದಾಗ ಹೆಸರು ಬರದಿದ್ದರೆ, ತಪ್ಪು ಹೆಸರು ಬಂದರೆ, ಮಾತು ನಿಂತರೆ ಆ ಜಾಗವನ್ನು ಗುರುತು ಮಾಡಿ ಬಿಟ್ಟುಬಿಡುತ್ತಾರೆ. ಉಳಿದದ್ದನ್ನು ಎಷ್ಟಾಗುತ್ತದೋ ಅಷ್ಟು ತೆಗೆಯುತ್ತಾರೆ. ಲೋ ಗ್ರೇಡ್ ಗ್ಲಯೋಮಾದಲ್ಲಿ ಹೆಚ್ಚು ತೆಗೆದಷ್ಟೂ ಒಳ್ಳೆಯದು, ಅದಕ್ಕೇ ಇಷ್ಟು ಕಷ್ಟಪಡುವುದು.

ಈಗ ಹೇಳಿ, ಆ ‘ಇದು ಏನು’ ಅನ್ನುವುದನ್ನು ಮ್ಯಾಂಚೆಸ್ಟರ್‌ನಲ್ಲಿ ಯಾವ ಭಾಷೆಯಲ್ಲಿ ಕೇಳುತ್ತಾರೆ? ಇಂಟರ್‌ಪ್ರಿಟರ್ ಇಡಬಹುದು. ಆದರೆ ವಿದ್ಯುತ್ ತಾಗಿಸುವುದು ಕೆಲವೇ ಸೆಕೆಂಡು. ಅಷ್ಟರೊಳಗೆ ಅಮ್ಮ ಹೇಳಿದ್ದು ಸರಿಯಾ ತಪ್ಪಾ, ತೊದಲಿದ್ದಾ, ಊರಿನ ಉಚ್ಚಾರವೇ ಹಾಗಾ ಅಂತ ಎದುರು ಕೂತವರಿಗೆ ಗೊತ್ತಾಗಬೇಕು. ನಮ್ಮ ಕಡೆಯ ಕನ್ನಡ ಕೇಳಿ ಬೆಂಗಳೂರಿನವರೇ ಒಮ್ಮೊಮ್ಮೆ ‘ಏನಂದ್ರಿ?’ ಅನ್ನುತ್ತಾರೆ. ಮೆಷಿನ್ ಎಷ್ಟು ಒಳ್ಳೆಯದಿದ್ದರೂ ಈ ಕೆಲಸ ಮನುಷ್ಯರದ್ದೇ.

ಕಾಸರಗೋಡಿನವರಿಗೆ ಇನ್ನೊಂದು ಗಂಟು ಉಂಟು. ಎರಡು ಮೂರು ಭಾಷೆ ಬರುವವರಲ್ಲಿ ಎಲ್ಲ ಭಾಷೆಗೂ ಪೂರ್ತಿ ಒಂದೇ ಜಾಗ ಇರುವುದಿಲ್ಲ. ಕೆಲವು ಜಾಗ ಹಂಚಿಕೊಂಡಿರುತ್ತವೆ, ಕೆಲವು ಒಂದೇ ಭಾಷೆಯವು. ಒಂದರಲ್ಲಿ ಮಾತ್ರ ಪರೀಕ್ಷೆ ಮಾಡಿ ತೆಗೆದರೆ ಇನ್ನೊಂದು ಕೆಡಬಹುದು. ಅಮ್ಮ ಮನೆಯಲ್ಲಿ ಕನ್ನಡ, ನೆರೆಯವರ ಜೊತೆ ತುಳು ಮಾತಾಡುವವರಾದರೆ ಎರಡರಲ್ಲೂ ನೋಡಿ ಅಂತ ಮೊದಲೇ ಹೇಳಬೇಕು. ಕೇರಳದವರು ಅಂತ ಫೈಲ್‌ನಲ್ಲಿ ಬರೆದ ಕೂಡಲೇ ಮಲಯಾಳದಲ್ಲಿ ಪರೀಕ್ಷೆಗೆ ಕೂರಿಸುವ ಸಾಧ್ಯತೆ ಉಂಟು. ತಿರುವನಂತಪುರಕ್ಕೆ ಹೋಗುವುದಾದರೆ ಇದನ್ನು ಮೊದಲ ದಿನವೇ ಹೇಳಿ. ಅಲ್ಲಿನ ಶ್ರೀಚಿತ್ರಾ ಆಸ್ಪತ್ರೆ ತುಂಬ ಒಳ್ಳೆಯ ಸಂಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಅಮ್ಮನ ಮಟ್ಟಿಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಈ ಆಪರೇಷನ್ ಪದೇ ಪದೇ ಮಾಡುವ ಕನ್ನಡದ ಊರಿನ ಆಸ್ಪತ್ರೆಗೆ ನನ್ನ ಓಟು.

ಕನ್ನಡದಲ್ಲಿ ಮಾತು ಅಳೆಯುವ ಪರೀಕ್ಷೆಗಳೂ ಇವೆ. ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್‌ನವರು ಇದರಲ್ಲಿ ತುಂಬ ವರ್ಷದಿಂದ ಕೆಲಸ ಮಾಡಿದ್ದಾರೆ. ಆಪರೇಷನ್‌ಗೆ ಮೊದಲು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಅಮ್ಮನಿಗೆ ಈಗಲೇ ಯಾವ ಹೆಸರು ತಡವರಿಸುತ್ತದೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಟೇಬಲ್ ಮೇಲೆ ಗೊಂದಲ.

ಆಪರೇಷನ್ ಆದ ಮೇಲೆ ಕೆಲವು ದಿನ ಮಾತು ಈಗಿನದಕ್ಕಿಂತ ಕೆಡಬಹುದು, ಹೆದರಬೇಡಿ. ಬಹಳ ಜನರಲ್ಲಿ ಥೆರಪಿ ಮಾಡುತ್ತಾ ಹೋದ ಹಾಗೆ ಕೆಲವು ವಾರ, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಆ ಥೆರಪಿಯೂ ಅಮ್ಮನ ಭಾಷೆಯಲ್ಲೇ ಆಗಬೇಕಲ್ಲ?

ಅಡಿಕೆ ಬೆಲೆ ಎಷ್ಟು
ಇದು ಗೊತ್ತೇ ಇರಲಿಲ್ಲ. ಬೆಂಗಳೂರಿನಲ್ಲಿ ಒಬ್ಬರು ಗಿಟಾರ್ ಬಾರಿಸುತ್ತಾ ಆಪರೇಷನ್ ಮಾಡಿಸಿಕೊಂಡರು ಅಂತ ಪೇಪರ್‌ನಲ್ಲಿ ಬಂದದ್ದು ಇದೇ ಅಲ್ವಾ?

ಮಾತು ಕಲಿಸುವವಳು
ಅದು 2017ರದ್ದು. ಅವರಿಗೆ ಗಡ್ಡೆ ಇರಲಿಲ್ಲ, ಬೆರಳು ಸೆಟೆದುಕೊಳ್ಳುವ ಡಿಸ್ಟೋನಿಯಾ. ಎಚ್ಚರದಲ್ಲಿಟ್ಟು ನೋಡುವ ಯೋಚನೆ ಮಾತ್ರ ಒಂದೇ.

ಉಪ್ಪಳ ಲೋಕಲ್
ನಮ್ಮ ಮಾವನಿಗಾದರೆ ಚಿತ್ರ ಬೇಡ. ತಾಳಮದ್ದಳೆಯ ಅರ್ಥ ಶುರು ಮಾಡಿದರೆ ಆಪರೇಷನ್ ಮುಗಿದರೂ ನಿಲ್ಲಿಸುವವರಲ್ಲ.

ಕುಂಬಳೆ ಟು ಲೀಡ್ಸ್
ಮಾತಿನ ವಿಷಯ ನನಗೂ ಹೊಸದು. ಅಕ್ಕನಿಗೆ ಒಂದು ಕೆಲಸ ಕೊಡಿ. ಎಂಆರ್‌ಐನ ಪೂರ್ತಿ ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಅವಳಿಗೆ ಕಳಿಸಿ. ಫಿಲ್ಮ್‌ನ ವಾಟ್ಸಾಪ್ ಫೋಟೋ ಬೇಡ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಇಲ್ಲಿನ ಒಬ್ಬ ನ್ಯೂರೋಸರ್ಜನ್ ಹತ್ತಿರ ದುಡ್ಡು ಕೊಟ್ಟು ಲಿಖಿತ ಅಭಿಪ್ರಾಯ ತೆಗೆದುಕೊಳ್ಳಲಿ. ಅಮ್ಮನ ಬದಲು ಸ್ಕ್ಯಾನ್ ವಿದೇಶಕ್ಕೆ ಹೋಗಲಿ. ಅಕ್ಕನ ಮನಸ್ಸಿಗೂ ಸಮಾಧಾನ.

ಬದಿಯಡ್ಕ ಸಿಸ್ಟರ್
ಒಳ್ಳೆಯ ಸಲಹೆ. ಮುಂದೆ ಬಯಾಪ್ಸಿ ಬಂದ ಮೇಲೆ ಟಾಟಾ ಮೆಮೋರಿಯಲ್, ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಜೊತೆ ಸೇರಿ ನಡೆಯುವ ‘ನವ್ಯ’ದಲ್ಲೂ ಆನ್‌ಲೈನ್ ಅಭಿಪ್ರಾಯ ಕೇಳಬಹುದು. ಮದ್ದಿನ ವಿಷಯದಲ್ಲೂ ಹಾಗೇ. ಐಡಿಎಚ್ ಮ್ಯುಟೇಷನ್ ಇರುವ ಗ್ರೇಡ್ 2 ಗಡ್ಡೆಗೆ ವೊರಾಸಿಡೆನಿಬ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಇಲ್ಲಿ ಸಿಗದ ಮದ್ದನ್ನು ಸ್ವಂತ ಬಳಕೆಗೆ ತರಿಸಲು ಕಾನೂನಿನಲ್ಲೇ ದಾರಿ ಉಂಟು. ಡಾಕ್ಟರ ಚೀಟಿ ಇಟ್ಟು ಫಾರ್ಮ್ 12ಎ ಅರ್ಜಿ ಹಾಕಿದರೆ 12ಬಿ ಪರವಾನಗಿ. ಬೆಲೆ ಮಾತ್ರ ಕೇಳಬೇಡಿ.

ನೀಲೇಶ್ವರ ಭಾವ
ವಿಮಾನದ ಬಗ್ಗೆ ಯಾರೂ ಹೇಳಲಿಲ್ಲ. ತಲೆ ಆಪರೇಷನ್ ಆದ ಮೇಲೆ ಒಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ. ಮಡಿಕೇರಿ ಘಟ್ಟ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುತ್ತದಲ್ಲ, ಹಾಗೆ ಅದು ವಿಮಾನದಲ್ಲಿ ಉಬ್ಬುತ್ತದೆ. ಕ್ಯಾಬಿನ್‌ನ ಒತ್ತಡ 1800ರಿಂದ 2400 ಮೀಟರ್ ಎತ್ತರದಲ್ಲಿ ಇದ್ದಷ್ಟೇ ಇರುತ್ತದೆ. ಗಾಳಿ ಹೋಗಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಿ, ಡಾಕ್ಟರು ಬರೆದುಕೊಟ್ಟ ಮೇಲೆಯೇ ಹಾರಬೇಕು. ವಿಮಾನ ಕಂಪನಿಯವರು ಮೆಡಿಫ್ ಅನ್ನುವ, ರೋಗಿಯ ಆರೋಗ್ಯ ವಿವರದ ಫಾರ್ಮ್ ಕೇಳುತ್ತಾರೆ. ಮೆದುಳಿನ ಗಡ್ಡೆ ಇರುವವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೂ ಜಾಸ್ತಿ, ದೂರದ ಪ್ರಯಾಣ ಅದಕ್ಕೆ ಒಳ್ಳೆಯದಲ್ಲ. ಎಂಆರ್‌ಐಗೆ ಕೆಲವು ತಿಂಗಳಿಗೊಮ್ಮೆ ಹೋಗಬೇಕು, ವರ್ಷಗಟ್ಟಲೆ. ಪ್ರತಿ ಸಲ ಮ್ಯಾಂಚೆಸ್ಟರ್‌ಗಾ?

ದೋಹಾದ ಮಂಜೇಶ್ವರ
ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ, ಅಪ್ಪನಿಗೆ ಬೇಕಾಗಬಹುದು. ಹೊರದೇಶಕ್ಕೆ ದುಡ್ಡು ಕಳಿಸಲು ಎಲ್‌ಆರ್‌ಎಸ್ ಅನ್ನುವ ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ. ಚಿಕಿತ್ಸೆಗಾದರೆ ಆಸ್ಪತ್ರೆಯ ಎಸ್ಟಿಮೇಟ್ ತೋರಿಸಿ ಅದಕ್ಕಿಂತ ಹೆಚ್ಚೂ ಕಳಿಸಬಹುದು. 10 ಲಕ್ಷ ದಾಟಿದ ಮೇಲೆ ಬ್ಯಾಂಕು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಹಾಕಿದರೆ ಸರಿಹೋಗುತ್ತದೆ, ಆದರೆ ಆಗಿನ ಮಟ್ಟಿಗೆ ಕೈಯಿಂದ ಹೋಗುವುದೇ.

ಇಲ್ಲೇ ಮಾಡಿಸಿದರೆ? ಮನೆಯವರು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅದು ಆಯುಷ್ಮಾನ್ ಭಾರತ್ ಜೊತೆ ಸೇರಿದ್ದು. ಗಡಿ ದಾಟಿದ ಮೇಲೆ ನಮ್ಮ ಕಾರ್ಡು ನಡೆಯುತ್ತದಾ ಅಂತ ಆ ಆಸ್ಪತ್ರೆಯ ಡೆಸ್ಕಿನಲ್ಲಿ ಅಡ್ಮಿಟ್ ಆಗುವ ಮೊದಲೇ ಕೇಳಿ. ಕರ್ನಾಟಕದ ರೇಷನ್ ಕಾರ್ಡಿನವರಿಗೆ ಸಿಗುವುದೆಲ್ಲ ನಮಗೆ ಸಿಗುವುದಿಲ್ಲ. ಕನ್ನಡ ಮಾತಾಡಿದರೆ ಸಾಲದು ಅಲ್ಲಿ!

ಪೆರ್ಲದವಳು
ಒಂದು ಅಪ್‌ಡೇಟ್. ಡೈಕಾಮ್ ಕಳಿಸಿ ಅಕ್ಕ ಅಲ್ಲಿನ ಸರ್ಜನ್ ಅಭಿಪ್ರಾಯ ತೆಗೆದುಕೊಂಡಳು. ಅವರು ಹೇಳಿದ್ದೂ ಇದೇ: ಎಚ್ಚರದ ಆಪರೇಷನ್, ಆದಷ್ಟು ಹೆಚ್ಚು ತೆಗೆಯುವುದು, ಆಮೇಲೆ ಜೀನ್ ಪರೀಕ್ಷೆ. ರೋಗಿಯ ಮಾತೃಭಾಷೆಯಲ್ಲಿ ಪರೀಕ್ಷೆ ಮಾಡುವ ಕಡೆ ಮಾಡಿಸಿ ಅಂತ ಅವರೇ ಬರೆದಿದ್ದಾರೆ. ಅಕ್ಕ ಈಗ ರಜೆ ಹಾಕಿ ಇಲ್ಲಿಗೇ ಬರುತ್ತಾಳೆ. ಬೆಂಗಳೂರಿನಲ್ಲಿ ತೋರಿಸಲು ತಾರೀಕು ಸಿಕ್ಕಿದೆ. ತೋಟದ ಮಾತು ಸದ್ಯಕ್ಕೆ ನಿಂತಿದೆ.

ಚಿತ್ರಗಳನ್ನು ನಾವೇ ತೆಗೆದುಕೊಂಡು ಹೋಗಬಹುದಾ? ಮತ್ತೆ, ಬಸ್ಸಾ ರೈಲಾ?

ಮಾತು ಕಲಿಸುವವಳು
ಆಸ್ಪತ್ರೆಯವರ ಬಳಿ ಅವರದ್ದೇ ಚಿತ್ರಗಳು ಇರುತ್ತವೆ. ಆದರೂ ಅಮ್ಮ ದಿನಾ ಮುಟ್ಟುವ ವಸ್ತುಗಳ ಫೋಟೋ ತೆಗೆದುಕೊಂಡು ಹೋಗಿ, ತೋರಿಸಿ. ಒಂದು ಫೋಟೋದಲ್ಲಿ ಒಂದೇ ವಸ್ತು, ಹಿಂದೆ ಬಿಳಿ ಬಟ್ಟೆ. ಅಡಿಕೆ, ಕತ್ತಿ, ಕೊಡಪಾನ, ಹಾಳೆ ತಟ್ಟೆ, ಹೀಗೆ. ಅಮ್ಮ ಕನ್ನಡದಲ್ಲಿ ಯಾವ ಹೆಸರು ಹೇಳುತ್ತಾರೆ, ತುಳುವಿನಲ್ಲಿ ಯಾವುದು ಅಂತ ಪಕ್ಕದಲ್ಲೇ ಬರೆದಿಡಿ. ಕನ್ನಡಕ ಹಾಕುವವರಾದರೆ ಅದನ್ನೂ ಹೇಳಿ. ಥಿಯೇಟರ್‌ಗೆ ಹೋಗುವಾಗ ತೆಗೆಸಿಬಿಡುತ್ತಾರೆ, ಆಮೇಲೆ ಚಿತ್ರವೇ ಕಾಣುವುದಿಲ್ಲ.

ಉಪ್ಪಳ ಲೋಕಲ್
ರೈಲೇ ಒಳ್ಳೆಯದು. ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲಿ ನಿಲ್ಲುತ್ತದೆ. ಲೋವರ್ ಬರ್ತ್ ಹಾಕಿಸಿ. ಫಿಟ್ಸ್ ಮಾತ್ರೆ ಕೈಚೀಲದಲ್ಲೇ ಇರಲಿ, ಸೂಟ್‌ಕೇಸ್‌ನಲ್ಲಿ ಬೇಡ.

ಬದಿಯಡ್ಕ ಸಿಸ್ಟರ್
ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ, ರೈಲಿನಲ್ಲಿ ಮಲಗಿದ್ದರೂ ಎಬ್ಬಿಸಿ ಕೊಡಿ. ಮುಂದೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ ಚಿಕಿತ್ಸೆಗೆ ಹೋಗಿ ಬರಲು ರೈಲ್ವೆ ರಿಯಾಯಿತಿ ಉಂಟು, ಜೊತೆಗೆ ಹೋಗುವ ಒಬ್ಬರಿಗೂ. ಅದರ ಫಾರ್ಮ್‌ಗೆ ಆಸ್ಪತ್ರೆಯ ಸೀಲ್ ಬೇಕು. ಡಿಸ್ಚಾರ್ಜ್ ದಿನವೇ ಹಾಕಿಸಿಕೊಳ್ಳಿ.